ಎರಡು ಮೇಜಿಗೆ ಒಂದೇ ಬಟ್ಟೆ

ಪೆಕ್ವೇ ಹಳ್ಳದ ದಂಡೆ,
ಲ್ಯಾಂಕ್ಯಾಸ್ಟರ್ ಕೌಂಟಿ, ಪೆನ್ಸಿಲ್ವೇನಿಯಾ
ಸೋಮವಾರ, ೫ ಅಕ್ಟೋಬರ್ ೧೯೮೭

ಪ್ರೀತಿಯ ಮಗಳು ಮೈಮಾಳಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿದ್ದಾನೆಂದು ನಂಬಿ ಬರೆಯುತ್ತಿದ್ದೇನೆ. ನೀನು ಜೂನ್‌ನಲ್ಲಿ ಬರೆದ ಪತ್ರಕ್ಕೆ ಅಕ್ಟೋಬರಿನಲ್ಲಿ ಉತ್ತರ ಕೊಡುವ ತಾಯಿ ನಾನು, ನಾಚಿಕೆಯಾಗುತ್ತಿದೆ. ಟೊಮೆಟೊ ಬಾಟಲಿಗೆ ತುಂಬುವುದಿತ್ತು, ಜೋಳದ ಕೊಯ್ಲಿತ್ತು ಎಂದು ನೆಪ ಹೇಳಬಹುದು. ಆದರೆ ನೀನು ಇದೇ ಮನೆಯಲ್ಲಿ ಬೆಳೆದವಳು, ಯಾವ ಕೆಲಸ ಎಷ್ಟು ದಿನ ಹಿಡಿಯುತ್ತದೆಂದು ನಿನಗೆ ಗೊತ್ತು. ನಿಜ ಹೇಳುವುದಾದರೆ ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದು ಬೇರೆ ಕೆಲಸಕ್ಕೆ ಹೋದೆ.

ಇವತ್ತು ಬಟ್ಟೆ ಹಗ್ಗದ ಮೇಲಿದೆ, ಗಾಳಿ ಚೆನ್ನಾಗಿದೆ. ಅವು ಒಣಗುವಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ನನ್ನ ಆರೋಗ್ಯ ಪರವಾಗಿಲ್ಲ. ಉಪ್ಪು ಕಡಿಮೆ ಮಾಡು ಎಂದು ಬರೆದಿದ್ದೆಯಲ್ಲ, ಮಾಡಿದ್ದೇನೆ. ಸೂಪಿಗೆ ಉಪ್ಪು ಹಾಕುವುದೇ ಇಲ್ಲ, ಪಕ್ಕದಲ್ಲಿ ಸೌತೆಯ ಉಪ್ಪಿನಕಾಯಿ ಇಟ್ಟುಕೊಂಡು ಕುಡಿಯುತ್ತೇನೆ. ನರ್ಸಮ್ಮ, ಬೈಯಬೇಡ. ನಿನ್ನ ಅಣ್ಣ ಸಿಲ್ವಾನ್ ಮತ್ತು ಅವನ ಮಕ್ಕಳು ದೊಡ್ಡ ಮನೆಯಲ್ಲಿ ಸುಖವಾಗಿದ್ದಾರೆ. ನಾನು ಪಕ್ಕದ ಚಿಕ್ಕ ಮನೆಯಲ್ಲಿ ನನ್ನ ಪಾಡಿಗಿದ್ದೇನೆ, ಇಲ್ಲಿಯವರೆಗೆ ಇದ್ದೆ ಎನ್ನಬೇಕು.

ಎಲ್ಲ ಶುರುವಾದದ್ದು ಸೆಲರಿ ದಂಟಿನಿಂದ. ಏಪ್ರಿಲ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸೆಲರಿ ಬೀಜ ಹಾಕಿದ್ದೆ. ಅದು ಮೊಳೆಯುವುದಕ್ಕೆ ಮೂರು ವಾರ ಬೇಕು, ನನ್ನ ತಾಳ್ಮೆ ಎರಡೇ ವಾರದ್ದು. ಬೀಜ ಸತ್ತಿದೆಯೆಂದುಕೊಂಡು ಅದರ ಮೇಲೇ ಇನ್ನೊಂದು ಪೊಟ್ಟಣ ಸುರಿದೆ. ಆಮೇಲೆ ಮೊದಲಿನದೂ ಬಂತು, ಎರಡನೆಯದೂ ಬಂತು. ಸಸಿ ಕಿತ್ತು ಬಿಸಾಡುವ ಕೈ ನಮ್ಮ ವಂಶದಲ್ಲೇ ಇಲ್ಲ. ಜುಲೈನಲ್ಲಿ ಎಲ್ಲವನ್ನೂ ಹಿತ್ತಲಲ್ಲಿ ನೆಟ್ಟೆ. ಮೂರು ಉದ್ದನೆಯ ಸಾಲು, ಇನ್ನೂರರ ಮೇಲೆ ಗಿಡ, ಅದೂ ರಸ್ತೆಗೆ ಕಾಣುವ ಹಾಗೆ.

ನೀನೀಗ ನಗುತ್ತಿರುತ್ತೀಯ. ಇಷ್ಟು ಸೆಲರಿಯನ್ನು ಇಲ್ಲಿ ಮದುವೆಯಿರುವ ಮನೆಯವರು ಮಾತ್ರ, ಮದುವೆಯೂಟಕ್ಕೆಂದು ಹಾಕುತ್ತಾರೆಂದು ನೀನು ಮರೆತಿರಲಾರೆ. ನಾನು ಮಾತ್ರ ಮರೆತಿದ್ದೆ. ಮದುವೆಯ ವಯಸ್ಸಿನ ಮಗಳು ಮನೆಯಲ್ಲಿಲ್ಲ ಎಂದ ಮೇಲೆ ಯಾರು ಏನೆಂದುಕೊಂಡಾರು ಎಂಬ ಯೋಚನೆಯೇ ನನಗೆ ಬರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಪಕ್ಕದ ಹೊಲದ ಸುವಿಲ್ಲಾಳ ಮನೆಯಲ್ಲಿ ಕೌದಿ ಹೊಲಿಯಲು ಸೇರಿದ್ದೆವು. ಹನ್ನೆರಡು ಹೆಂಗಸರು, ಹನ್ನೆರಡು ಸೂಜಿ. ನಾನು ಕೂತ ಕೂಡಲೇ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸುವಿಲ್ಲಾ ದಾರ ಕಚ್ಚಿ ತುಂಡು ಮಾಡುತ್ತಾ ಶುರುಮಾಡಿದಳು.

"ನಿನ್ನ ಹಿತ್ತಲಲ್ಲಿ ಸೆಲರಿ ಚೆನ್ನಾಗ್ ಬಂದಿದೆ ಸಲೋಮಾ. ಒಬ್ಬಳೇ ಹೆಂಗಸು, ಎಷ್ಟೂಂತ ತಿಂತೀಯ?"

"ಬಿ.ಪಿ.ಗೆ ಒಳ್ಳೇದಂತೆ," ಎಂದೆ.

"ಅಷ್ಟೊಂದು ಬಿ.ಪಿ. ಯಾರಿಗಿರುತ್ತಮ್ಮ?"

ಹನ್ನೊಂದು ಜನರೂ ಒಟ್ಟಿಗೆ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಅರ್ಧ ಊರು ನನಗೂ ಹಸು ಸಾಕುವ ಟೋಬಿಯಾಸ್ ಎಶ್‌ಗೂ ಗಂಟು ಹಾಕಿಬಿಟ್ಟಿದೆ. ತನ್ನ ಹೆಂಡತಿ ಸತ್ತ ಮೇಲೆ ಅವನು ಚಳಿಗಾಲದಲ್ಲಿ ನನಗೆ ಒಂದು ಗಾಡಿ ಸೌದೆ ಕಳಿಸಿದ್ದನಲ್ಲ, ಅಷ್ಟೇ ಸಾಕಾಯಿತು. ಇನ್ನರ್ಧ ಊರು ಬೇರೆ ಲೆಕ್ಕ ಹಾಕಿತ್ತು: ಮೈಮಾ ವಾಪಸ್ ಬರುತ್ತಾಳೆ, ಸಭೆಯ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೊಂಡು ಇಲ್ಲೇ ಮದುವೆಯಾಗುತ್ತಾಳೆ ಎಂದು. ಅದನ್ನು ಕೇಳಿದಾಗ ನನ್ನ ಸೂಜಿ ಬೆರಳಿಗೆ ಚುಚ್ಚಿತು. ನೀನು ಬರುತ್ತೀಯೆಂದು ಅರ್ಧ ಊರು ನಂಬಿದೆ, ನಾನೊಬ್ಬಳು ಅಷ್ಟು ಧೈರ್ಯ ಮಾಡಿರಲಿಲ್ಲ. ನಿನ್ನನ್ನು ಕರೆಸಿಕೊಳ್ಳುವ ಉಪಾಯ ಇದೆಂದು ತಿಳಿಯಬೇಡ. ಪಿಟ್ಸ್‌ಬರ್ಗಿನಲ್ಲಿ ನಿನ್ನ ಕೆಲಸ ನಿನಗೆ ಪ್ರೀತಿಯದು, ನನಗೆ ಗೊತ್ತಿದೆ.

ಅದೇ ಹೊತ್ತಿನಲ್ಲಿ ಇನ್ನೊಂದು ವಿಷಯ ಹೊಳೆಯಿತು. ಗಡಿಯಾರದ ಬೆನ್ಯುಯೆಲ್ ನಮ್ಮ ಮನೆಗೆ ಬರುವುದನ್ನು ಯಾಕೆ ನಿಲ್ಲಿಸಿದ ಎಂದು ಗೊತ್ತಾಯಿತು.

ಬೆನ್ಯುಯೆಲ್ ಲ್ಯಾಪ್ ನಿನಗೆ ನೆನಪಿರಬೇಕು. ಸೇತುವೆಯ ಹತ್ತಿರದ ಅಂಗಡಿ, ಒಳಗೆ ಐವತ್ತು ಗಡಿಯಾರ, ಹೊರಗಿನವರು ಪ್ರತಿ ಬೇಸಿಗೆಗೆ ತಮ್ಮ ಸಮಯವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿಕೊಂಡರೂ ಅವನ ಐವತ್ತೂ ಕದಲುವುದಿಲ್ಲ. ನಿನಗೆ ಗೊತ್ತಿಲ್ಲದ್ದೇನೆಂದರೆ, ನನಗೆ ಹದಿನೆಂಟಾಗಿದ್ದಾಗ ಭಾನುವಾರ ಸಂಜೆಯ ಹಾಡಿನ ನಂತರ ನನ್ನನ್ನು ಮನೆಗೆ ಬಿಡುತ್ತಿದ್ದದ್ದು ಅವನ ಕುದುರೆಗಾಡಿ. ಎರಡು ವರ್ಷ ಹಾಗೆ ಮನೆಗೆ ಬಿಟ್ಟ. ಎರಡನೆಯ ವರ್ಷದ ಶರತ್ಕಾಲದಲ್ಲಿ ನಾವಿಬ್ಬರೂ ಒಟ್ಟಿಗೆ ದೀಕ್ಷಾಸ್ನಾನ ತೆಗೆದುಕೊಳ್ಳುವುದೆಂದಾಗಿತ್ತು. ನಾನು ಮೊಣಕಾಲೂರಿದೆ. ಅವನ ಜಾಗ ಖಾಲಿಯಿತ್ತು. ಹಿಂದಿನ ದಿನವೇ ಅವನು ರೈಲು ಹತ್ತಿ ಓರೆಗಾನಿನ ಕಾಡಿಗೆ ಹೋಗಿದ್ದ. ಒಂದು ಸಲ ಲೋಕ ನೋಡದೆ ಮಾತು ಕೊಡಲಾರೆ ಎಂದು ನನಗೊಂದು ಚೀಟಿ ಬರೆದಿಟ್ಟಿದ್ದ. ನಾನು ಸಭೆಗೆ ಮಾತು ಕೊಟ್ಟವಳು, ಅವನು ಕೊಡದವನು, ನಮಗೆ ಮದುವೆಯಿಲ್ಲ. ಅವನು ಲೋಕವನ್ನು ನೋಡಿ ಮುಗಿಸಿ ವಾಪಸ್ ಬರುವಷ್ಟರಲ್ಲಿ ನಾನು ನಿನ್ನ ಅಪ್ಪನನ್ನು ಮದುವೆಯಾಗಿದ್ದೆ, ಸಿಲ್ವಾನ್ ತೊಟ್ಟಿಲಲ್ಲಿದ್ದ.

ನಿನ್ನ ಅಪ್ಪನ ಜೊತೆ ನಾನು ದುಃಖದಲ್ಲಿ ಬಾಳಿದೆನೆಂದು ಇದರಿಂದ ತಿಳಿಯಬೇಡ. ಇಪ್ಪತ್ತೇಳು ವರ್ಷ ಅವರ ಎಡಗಡೆ ಕೂತು ಉಂಡಿದ್ದೇನೆ, ಒಂದು ದಿನವೂ ಮುಖ ತಿರುಗಿಸಿದವಳಲ್ಲ. ಅವರ ಮೇಲೆ ನಿನಗಿನ್ನೂ ಸಿಟ್ಟಿದೆಯೆಂದು ಗೊತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೆನ್ಯುಯೆಲ್ ತಡವಾಗಿ ಮದುವೆಯಾದ, ಮಕ್ಕಳಾಗಲಿಲ್ಲ, ಹೆಂಡತಿ ಲವೀನಾ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಈ ಮಾರ್ಚ್‌ನಲ್ಲಿ ನನ್ನ ಅಡುಗೆಮನೆಯ ಗಡಿಯಾರ ನಿಂತಿತು, ಮದುವೆ ನಿಶ್ಚಯವಾದಾಗ ಗಂಡು ಹೆಣ್ಣಿಗೆ ಗಡಿಯಾರ ಕೊಡುವ ನಮ್ಮ ಪದ್ಧತಿಯಂತೆ ನಿನ್ನ ಅಪ್ಪ ಕೊಟ್ಟದ್ದು. ಬೆನ್ಯುಯೆಲ್ ನೋಡಲು ಬಂದ. ಒಂದು ಗಡಿಯಾರಕ್ಕೆ ಐದು ಸಲ ಬಂದ. ಒಂದು ಸಲಕ್ಕೆ ಒಂದು ಚಕ್ರ ಒರೆಸಿ, ಕಾಫಿ ಕುಡಿದು, ಎರಡು ತುಂಡು ಬೆಲ್ಲದ ಪಾಕದ ಪೈ ತಿಂದು ಹೋಗುತ್ತಿದ್ದ. ಎಲ್ಲರ ಮನೆಯಲ್ಲೂ ಇಷ್ಟೇ ನಿಧಾನವಾಗಿದ್ದರೆ ಅವನ ಅಂಗಡಿ ಎಂದೋ ಮುಚ್ಚಿರಬೇಕಿತ್ತು. ಐದನೆಯ ಸಲ ಒಂದು ಭಾಗ ಹೊಸದಾಗಿ ಮಾಡಬೇಕೆಂದು ಗಡಿಯಾರವನ್ನು ಅಂಗಡಿಗೆ ಒಯ್ದ. ಆಗಸ್ಟ್ ಮೊದಲ ವಾರ ಅದು ಸುವಿಲ್ಲಾಳ ಕೈಯಲ್ಲಿ ಹಳೆಯ ಪೇಪರ್ ಸುತ್ತಿಕೊಂಡು ವಾಪಸ್ ಬಂತು. ಜೊತೆಗೆ ಒಂದು ಮಾತಿಲ್ಲ. ಗಡಿಯಾರ ಚೆನ್ನಾಗಿ ನಡೆಯುತ್ತಿತ್ತು, ನನಗೇ ಊಟ ಸೇರುತ್ತಿರಲಿಲ್ಲ. ಐವತ್ಮೂರನೆಯ ವಯಸ್ಸಿನಲ್ಲಿ ಇದೇನು ಗ್ರಹಚಾರ ಎಂದು ನನ್ನನ್ನು ನಾನೇ ಬೈದುಕೊಂಡೆ.

ಕೌದಿಯ ಮರುದಿನ ಬೆಳಿಗ್ಗೆ ಒಂದು ಹೊರೆ ಸೆಲರಿ ಕುಯ್ದು, ಕುದುರೆ ಕಟ್ಟಿ, ಸೇತುವೆಯ ಹತ್ತಿರ ಹೋದೆ. ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ, ತಲೆಯೆತ್ತಲಿಲ್ಲ.

"ಗಡಿಯಾರ ಮುಂದೆ ಓಡ್ತಿದೆಯಾ?" ಎಂದು ಕೇಳಿದ.

"ಇಲ್ಲ, ಸರಿಯಾಗಿದೆ. ಸೆಲರಿ ತಂದಿದೀನಿ."

"ಮದುವೆಗೆ ಕಡಿಮೆ ಬಿದ್ದೀತು, ಇಟ್ಕೋ."

"ಯಾರ ಮದುವೆಗೆ?"

"ಟೋಬಿಯಾಸ್ ಒಳ್ಳೆಯವನು."

ಟೋಬಿಯಾಸ್ ಒಳ್ಳೆಯವನೇ. ಅವನ ಹಸುಗಳೂ ಒಳ್ಳೆಯವೇ. ಆದರೆ ನಾನು ಅವನಿಗಾಗಲಿ ಅವನ ಹಸುಗಳಿಗಾಗಲಿ ಮಾತು ಕೊಟ್ಟಿಲ್ಲ ಎಂದೆ. ಎರಡು ಪೊಟ್ಟಣ ಬೀಜದ ಕಥೆ ಹೇಳಿದೆ. ಅವನು ಮಸೂರ ತೆಗೆದಿಟ್ಟು ನನ್ನನ್ನು ನೋಡಿದ. ಆಮೇಲೆ ನಗಲು ಶುರುಮಾಡಿದವನು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

"ಹಂಗಾದ್ರೆ ಅಷ್ಟೂ ಸೆಲರಿ ಸುಮ್ನೆ ಬಂದಿದ್ದಾ?"

"ಸುಮ್ನೆ."

"ಸುಮ್ನೆ ಬಂದಿದ್ದನ್ನ ಹಾಳು ಮಾಡೋದು ಬೇಡ, ಸಲೋಮಾ."

ಅವನು ನನ್ನನ್ನು ಕೇಳಿದ್ದು ಹೀಗೆ, ಮೂವತ್ನಾಲ್ಕು ವರ್ಷದ ಮೇಲೆ. ನಾನು ಆಗಲ್ಲ ಎಂದೆ.

ಬಟ್ಟೆ ಒಣಗಿದೆ, ಮೋಡವೂ ಕಟ್ಟುತ್ತಿದೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಬುಧವಾರ

ನಿನ್ನೆ ಇಸ್ತ್ರಿಯಲ್ಲೇ ದಿನ ಹೋಯಿತು. ಎಲ್ಲಿಗೆ ನಿಲ್ಲಿಸಿದ್ದೆನೆಂದು ಈಗ ಓದಿಕೊಂಡೆ.

ಆಗಲ್ಲ ಎಂದದ್ದಕ್ಕೆ ಕಾರಣ ನೀನು. ತಪ್ಪು ತಿಳಿಯಬೇಡ, ಪೂರ್ತಿ ಓದು. ನಿನ್ನ ಅಪ್ಪನ ಮಣ್ಣಿನ ದಿನ ಮುನ್ನೂರು ಜನ ಮನೆಯೊಳಗೆ ಮೇಜಿಗೆ ಕೂತು ಉಂಡರು. ಮಾತು ಕೊಟ್ಟು ಬಿಟ್ಟುಹೋದವರು ಸಭೆಯವರ ಜೊತೆ ಒಂದೇ ಮೇಜಿಗೆ ಕೂರುವಂತಿಲ್ಲವೆಂದು ನೀನು ಬಟ್ಟೆ ಒಗೆಯುವ ಕೋಣೆಯಲ್ಲಿ, ಮಗುಚಿಟ್ಟ ತೊಟ್ಟಿಯ ಮೇಲೆ ಕೂತು, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಉಂಡೆ. ನಾನು ಬಾಗಿಲವರೆಗೆ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದೆ. ಆವತ್ತಿನಿಂದ ಯಾವ ಮದುವೆಯ ಊಟಕ್ಕೆ ಕೂತರೂ ನನಗೆ ಆ ತೊಟ್ಟಿಯೇ ಕಾಣುತ್ತದೆ. ನನ್ನ ಮದುವೆಯಲ್ಲಿ ನನ್ನ ಮಗಳು ಇನ್ನೊಂದು ಸಲ ಅಲ್ಲಿ ಕೂರುವುದಾದರೆ ಆ ಮದುವೆ ನನಗೆ ಬೇಡ ಎಂದು ಬೆನ್ಯುಯೆಲ್‌ಗೆ ಹೇಳಿದೆ.

ಅವನು ಮಸೂರವನ್ನು ಎತ್ತಿಕೊಂಡು ಅಂಗಿಯ ತುದಿಯಲ್ಲಿ ಒರೆಸಿದ, ಮತ್ತೆ ಒರೆಸಿದ. 

"ನಾನೂ ಬಿಟ್ಟು ಹೋದವನೇ," ಎಂದ ಕೊನೆಗೆ. "ಮೊಣಕಾಲೂರೋ ಮುಂಚೆ ಹೋದೆ, ಅದಕ್ಕೆ ವಾಪಸ್ ಬಂದಾಗ ನಂಗೆ ಮೇಜಲ್ಲಿ ಜಾಗ ಕೊಟ್ರು. ನಿನ್ ಮಗಳು ಊರಿದ್ಮೇಲೆ ಹೋದ್ಲು. ನಂಗೂ ಅವಳಿಗೂ ಇರೋ ವ್ಯತ್ಯಾಸ ಅಷ್ಟೇ."

ಅದು ಸಣ್ಣ ವ್ಯತ್ಯಾಸವಲ್ಲ ಎಂದು ನಾನು ಹೇಳಲಿಲ್ಲ. ನಾನು ಕೊಟ್ಟ ಮಾತನ್ನು ನಾನು ಇವತ್ತಿಗೂ ನಂಬುತ್ತೇನೆ ಮೈಮಾ, ಅದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಆದರೆ ಅವನು ಹೇಳಿದ್ದು ಕೇಳಿದ ಮೇಲೆ ಆಗಲ್ಲ ಎಂದು ಇನ್ನೊಂದು ಸಲ ಹೇಳಲು ನನಗೆ ಆಗಲಿಲ್ಲ.

ಮಾರನೆಯ ವಾರ ಅವನು ಬಿಷಪ್ ಗಿಡಿಯನ್ ಅವರ ಮನೆಗೆ ಹೋದ. ಅವರ ಮನೆಯ ಗಡಿಯಾರ ಕೆಟ್ಟಿರಲಿಲ್ಲ, ಆದರೂ ಎಣ್ಣೆ ಬಿಡಬೇಕು ಎಂದನಂತೆ. ಅದನ್ನೂ ಒಂದೊಂದೇ ಚಕ್ರ ಒರೆಸುತ್ತಾ ಮೂರು ಸಲ ಹೋದ. ಗಿಡಿಯನ್ ನಿನಗೆ ಗೊತ್ತಲ್ಲ, ಜೇನುಹುಳ ಕಚ್ಚಿದರೂ ಮುಖದ ಒಂದು ಗೆರೆ ಅಲ್ಲಾಡುವುದಿಲ್ಲ. ಮದುವೆಯ ಮೇಜಿನಲ್ಲಿ ನಿನಗೆ ಜಾಗ ಕೇಳಿದ್ದಕ್ಕೆ ಮೊದಲ ಸಲ ಆಗುವುದಿಲ್ಲ ಎಂದರು. ಎರಡನೆಯ ಸಲ ಏನೂ ಹೇಳದೆ ಒಂದು ಬಾಟಲಿ ಜೇನು ಕೊಟ್ಟು ಕಳಿಸಿದರು. ಮೂರನೆಯ ಸಲ ಬೆನ್ಯುಯೆಲ್ ಬಾಗಿಲು ದಾಟುವಾಗ ಕರೆದು ಹೇಳಿದರಂತೆ:

"ಮೇಜು ಬೇರೆ ಇರಲೇಬೇಕು, ಬೆನ್ಯುಯೆಲ್. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೇಲೆ ಹಾಸೋ ಬಟ್ಟೆ ಎಷ್ಟುದ್ದ ಇರ್ಬೇಕು ಅಂತ ನಾನು ಯಾವತ್ತೂ ಅಳೆದಿಲ್ಲ."

ಅವನು ನೇರ ನನ್ನ ಅಡುಗೆಮನೆಗೆ ಬಂದ. ಟೋಪಿ ಕೂಡ ತೆಗೆಯದೆ ನನ್ನ ಮೇಜನ್ನೂ ಹಿಟ್ಟು ನಾದುವ ಮೇಜನ್ನೂ ಎಳೆದು ಒಂದರ ಪಕ್ಕ ಒಂದಿಟ್ಟ. ನಡುವೆ ಬೆರಳು ತೂರಿಸಿ ನೋಡಿದ, ಇನ್ನಷ್ಟು ಒತ್ತಿದ, ಮತ್ತೆ ಬೆರಳು ತೂರಿಸಿದ.

"ನೋಡು," ಎಂದ. "ನನ್ನ ಬೆರಳು ಹೋಗುತ್ತೆ. ಅದಕ್ಕಿಂತ ದಪ್ಪದ್ದು ಯಾವುದೂ ಹೋಗಲ್ಲ. ಇದರ ಮೇಲೆ ಒಂದೇ ಬಟ್ಟೆ ಹಾಸಿದ್ರೆ ಯಾರಿಗೆ ಕಾಣುತ್ತೆ?"

ನಾನು ಪೆಟ್ಟಿಗೆಯಿಂದ ಉದ್ದನೆಯ ಬಿಳಿ ಬಟ್ಟೆ ತಂದು ಹಾಸಿದೆ. ಇಬ್ಬರೂ ಎರಡು ತುದಿ ಹಿಡಿದು ಎಳೆದೆವು. ಕಾಣಲಿಲ್ಲ. ನನಗೆ ಅಳು ಬಂತು, ಅವನು ಗೋಡೆಯ ಕಡೆ ತಿರುಗಿ ನಿನ್ನ ಅಪ್ಪನ ಗಡಿಯಾರಕ್ಕೆ ಕೀಲಿ ಕೊಡುತ್ತಾ ನಿಂತ. ಬೆನ್ನು ತಿರುಗಿಸಿಕೊಂಡೇ ಹೇಳಿದ: "ನಾನು ಹೊಸ ಗಡಿಯಾರ ತರಲ್ಲ, ಸಲೋಮಾ. ಎಲಾಮ್‌ದು ಚೆನ್ನಾಗ್ ನಡೀತಿದೆ. ಅದೇ ಇರ್ಲಿ." ಅದಕ್ಕೆ ನಾನು ಹೂಂ ಎಂದೆ. ಯಾವುದಕ್ಕೆ ಹೂಂ ಎಂದೆನೆಂದು ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಮದುವೆ ನವೆಂಬರ್ ಹತ್ತೊಂಬತ್ತು, ಗುರುವಾರ. ಸಭೆಯಲ್ಲಿ ಹೆಸರು ಕೂಗುವವರೆಗೆ ಯಾರಿಗೂ ತಿಳಿಯಬಾರದು. ಸಿಲ್ವಾನ್‌ಗೂ ಹೇಳಿಲ್ಲ, ಸುವಿಲ್ಲಾ ಅಂತೂ ತನಗೆಲ್ಲ ಗೊತ್ತೆಂದು ಟೋಬಿಯಾಸ್‌ನನ್ನು ನೋಡಿ ನಗುತ್ತಾ ತಿರುಗುತ್ತಿದ್ದಾಳೆ. ಮೊದಲು ನಿನಗೆ ಹೇಳುತ್ತಿದ್ದೇನೆ. ಮದುಮಕ್ಕಳ ಮೂಲೆಯಲ್ಲಿ ನನ್ನ ಪಕ್ಕ ನಿನ್ನ ಮೇಜು ಬರುತ್ತದೆ. ಬಟ್ಟಲನ್ನು ನೀನು ನನ್ನ ಕೈಗೆ ಕೊಡುವಂತಿಲ್ಲ, ನಿನಗೆ ಗೊತ್ತೇ ಇದೆ. ಬಟ್ಟೆಯ ಮೇಲೆ ಇಡು, ನಾನು ತೆಗೆದುಕೊಳ್ಳುತ್ತೇನೆ. ಕೆನೆ ಹಾಕಿ ಬೇಯಿಸಿದ ಸೆಲರಿ ನಿನಗೆ ಚಿಕ್ಕಂದಿನಿಂದ ಇಷ್ಟ. ಈ ಸಲ ಬೇಕಾದಷ್ಟಿದೆ.

ಪಟ್ಟಣದ ಉಡುಪಿನಲ್ಲೇ ಬಾ, ನಾನು ಏನೂ ಅನ್ನುವುದಿಲ್ಲ. ಚಳಿ ಇರುತ್ತದೆ, ದಪ್ಪನೆಯ ಕಾಲುಚೀಲ ಹಾಕಿಕೊಂಡು ಬಾ. ರೈಲು ನಿಲ್ದಾಣಕ್ಕೆ ಬೆನ್ಯುಯೆಲ್ ಗಾಡಿ ತರುತ್ತಾನೆ. ನೀನು ಮಾಡುವ ಕೆಲಸವನ್ನು, ನಿನ್ನ ಕೈ ಮುಟ್ಟುವ ರೋಗಿಗಳನ್ನು ದೇವರು ಕಾಯಲಿ. ಯಾವ ದಿನವೂ ನಿನ್ನನ್ನು ನೆನೆಯದೆ ನಾನು ತಲೆಯ ಟೋಪಿ ಬಿಚ್ಚಿದ್ದಿಲ್ಲ.

ನಿನ್ನ ಅಮ್ಮ,
ಸಲೋಮಾ

ಮರೆತದ್ದು: ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಈ ಭಾನುವಾರ ಸಮಾಧಾನದ ಸಭೆ. ಎಲ್ಲರೊಂದಿಗೂ ಸಮಾಧಾನದಲ್ಲಿದ್ದೀಯಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಆರು ವರ್ಷದಿಂದ ಹೌದೆನ್ನುತ್ತಾ ಬಂದಿದ್ದೇನೆ, ಅದು ಸುಳ್ಳು. ಬೆನ್ಯುಯೆಲ್‌ಗೆ ಈ ವಿಷಯ ಹೇಳಿದೆ. "ನಂಗಲ್ಲ, ಅವಳಿಗೆ ಹೇಳು" ಎಂದ.

ನಿನ್ನನ್ನು ಸಭೆಯಿಂದ ಹೊರಗಿಟ್ಟ ಭಾನುವಾರ ನನಗೆ ಜ್ವರ ಬಂದಿತ್ತು, ನಾನು ಹೋಗಲೇ ಇಲ್ಲ, ಅಪ್ಪ ಒಬ್ಬರೇ ಹೋಗಿ ಒಪ್ಪಿಗೆ ಕೊಟ್ಟರು ಎಂದು ನೀನು ತಿಳಿದಿದ್ದೀಯ. ಗೇಟಿನ ಹತ್ತಿರ ನಿಂತು ನಿನಗೆ ಹಾಗೆ ಹೇಳಿದ್ದು ಅವರೇ. ನನಗೆ ಜ್ವರ ಇರಲಿಲ್ಲ, ಮೈಮಾ. ಹೆತ್ತವರು ಬೇಕಾದರೆ ಮನೆಯಲ್ಲೇ ಉಳಿಯಬಹುದು ಎಂದು ಗಿಡಿಯನ್ ಹೇಳಿ ಕಳಿಸಿದ್ದರು. ಉಳಿದವರು ನಿನ್ನ ಅಪ್ಪ. ಕೊಟ್ಟಿಗೆಯಲ್ಲಿ ಕೂತವರು ಸಂಜೆಯವರೆಗೆ ಹೊರಗೆ ಬರಲಿಲ್ಲ. ನಾನು ಹೋದೆ. ನೀನು ಮಡಿಸಿ ಹಾಸಿಗೆಯ ಮೇಲಿಟ್ಟು ಹೋದ ಬಿಳಿ ಟೋಪಿ ನನ್ನ ಕಣ್ಣಲ್ಲೇ ಇತ್ತು. ಹೆಂಗಸರ ಸಾಲಿನಲ್ಲಿ ಸಭೆಯ ಹಿರಿಯರು ಒಬ್ಬೊಬ್ಬರ ಹತ್ತಿರ ಬಗ್ಗಿ, ನಿನ್ನನ್ನು ಹೊರಗಿಡಲು ಒಪ್ಪಿಗೆಯೇ ಎಂದು ಕೇಳುತ್ತಾ ಬಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಒಪ್ಪಿದೆ ಎಂದೆ, ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ. ನನ್ನಲ್ಲಿ ಆಗ ಇದ್ದದ್ದು ಭಕ್ತಿಯಲ್ಲ, ಸಿಟ್ಟು.

ನನ್ನ ಮಾತನ್ನು ನಿನ್ನ ಅಪ್ಪ ತಮ್ಮ ಮೇಲೆ ಹಾಕಿಕೊಂಡರು. ಮಗಳಿಗೆ ತಾಯಿಯಾದರೂ ಉಳಿಯಲಿ ಎಂದರು. ಆಮೇಲೆ ಬಂದ ನಿನ್ನ ಪತ್ರಗಳ ಮೇಲೆಲ್ಲ ನನ್ನ ಹೆಸರು ಮಾತ್ರ ಇರುತ್ತಿತ್ತು. ಟಪಾಲು ಪೆಟ್ಟಿಗೆಯಿಂದ ತೆಗೆದು ನನಗೆ ತಂದುಕೊಡುತ್ತಿದ್ದವರು ಅವರು. ನಾನು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದು, "ಚೆನ್ನಾಗಿದಾಳಾ?" ಎಂದು ಕೇಳಿ ಹೋಗುತ್ತಿದ್ದರು. ಸಾಯುವ ವಾರವೂ ಕೇಳಿದರು. ಆಗಲೂ ನಾನು ನಿನಗೆ ನಿಜ ಬರೆಯಲಿಲ್ಲ. ಇಷ್ಟು ವರ್ಷ ನಾನು ಉಂಡದ್ದು ಅವರ ಪಾಲಿನ ಪ್ರೀತಿ.

ಇದನ್ನು ಓದಿದ ಮೇಲೆ ನೀನು ಬರದಿದ್ದರೂ ಆ ಎರಡು ಮೇಜು ಹಾಗೇ ಇರುತ್ತವೆ, ಬಟ್ಟೆಯೂ ಹಾಸಿರುತ್ತದೆ. ಬರುವುದಾದರೆ ಮೊದಲು ಗುಡ್ಡದ ಮೇಲೆ ಅಪ್ಪನ ಹತ್ತಿರ ಹೋಗು. ಅವರ ಜೊತೆ ಮಾತಾಡಿ ಮುಗಿಸಿ ಆಮೇಲೆ ಕೆಳಗೆ ಬಾ. ಎಷ್ಟು ಹೊತ್ತಾದರೂ ಆಗಲಿ, ನೀನು ಬರುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ.